ಹೂ ಮುಡಿದ ಕೋವಿ

"ಗುರುಗಳೇ, ನನ್ನ ಮಾತಿಗೆ ಬೆಲೆಯೇ ಇಲ್ಲವೇ?" ಎಂದು ಶಿಷ್ಯ ಕೇಳಿದ. ಮಠದ ಹೊಲ ಕಾಯಲು ಅವನ ಕೈಗೆ ಹೊಸದಾಗಿ ಕೋವಿ ಬಂದಿತ್ತು. "ಕೋವಿ ಖಾಲಿ ಇದೆ ಎಂದು ಬಾಯಿಬಿಟ್ಟು ಹೇಳುತ್ತೇನೆ. ಆದರೂ ಅಡುಗೆಯಕ್ಕ ದಿನವೂ ದಾರಿಗೆ ಅಡ್ಡ ನಿಂತು, ತೆರೆದು ತೋರಿಸು ಎನ್ನುತ್ತಾಳೆ."

ಗುರುಗಳು ಒಂದು ಕತೆ ಹೇಳಿದರು.

ಕಾಡಂಚಿನಲ್ಲಿ ಒಬ್ಬ ರೈತನಿದ್ದ. ಹಂದಿಗಳು ಅವನ ಜೋಳದಲ್ಲಿ ಉರುಳಾಡಿ ಹಾಳುಗೆಡವುತ್ತಿದ್ದವು. ಪರವಾನಗಿ ಪಡೆದು, ಹೆಂಡತಿಯನ್ನೂ ಕರೆದುಕೊಂಡು ಕೋವಿ ಕೊಳ್ಳಲು ಹೋದ. ಅಂಗಡಿಯವನು ಹೇಳಿದ: "ಕೈಗೆ ಬಂದಾಗಲೆಲ್ಲ ತೆರೆದು ಕಣ್ಣಾರೆ ನೋಡಿ. ನೋಡುವ ತನಕ ಅದು ತುಂಬಿದ ಕೋವಿ ಎಂದೇ ತಿಳಿಯಿರಿ. ಜನರಿರುವ ಕಡೆ ನಳಿಗೆ ತಿರುಗಬಾರದು. ಹೊಡೆಯುವ ಗಳಿಗೆಯ ತನಕ ಟ್ರಿಗರಿನ ಮೇಲೆ ಬೆರಳು ಬೇಡ. ತೋಟಾ ಒಂದು ಕಡೆ, ಕೋವಿ ಒಂದು ಕಡೆ, ಎರಡಕ್ಕೂ ಬೀಗ."

ರೈತ ಹೂಂ ಹೂಂ ಎನ್ನುತ್ತ ಹಿಡಿಯ ಮರದ ಹೊಳಪನ್ನು ಸವರುತ್ತಿದ್ದ. ಕಿವಿ ಕೊಟ್ಟವಳು ಹೆಂಡತಿ. ಮನೆಯಲ್ಲಿ ತೆವಳುವ ಗಂಡುಕೂಸಿತ್ತು.

ಅಂದಿನಿಂದ ಆಕೆಯ ನೆಮ್ಮದಿ ಹೋಯಿತು. ಪಾತ್ರೆಯ ಮುಚ್ಚಳ ಬಿದ್ದರೂ ಬೆಚ್ಚುತ್ತಿದ್ದಳು. ಬೀಗದ ಕೈ ಸೆರಗಿನ ಗಂಟಿನಲ್ಲಿ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇದ್ದರೂ ಮತ್ತೆ ಮುಟ್ಟುತ್ತಿದ್ದಳು.

ಆಯುಧಪೂಜೆ ಬಂತು. ಅತ್ತೆ ಕುಡುಗೋಲು ಕೊಡಲಿಗಳ ನಡುವೆ ಮಣೆಯ ಮೇಲೆ ಕೋವಿಯನ್ನು ಮಲಗಿಸಿ ಅರಿಸಿನ ಕುಂಕುಮ ಹಚ್ಚಿದಳು. ಸೇವಂತಿಗೆ ಮಾಲೆ ಜಾರುತ್ತದೆಂದು ಅದರ ದಾರವನ್ನು ಟ್ರಿಗರಿಗೇ ಸುತ್ತಿ ಗಂಟು ಹಾಕಿದಳು. ನಳಿಗೆಯ ಎದುರಿಗೇ ಮನೆಮಂದಿಯೆಲ್ಲ ತಲೆಬಾಗಿ ಕೂತರು. ಕೂಸು ತೆವಳುತ್ತ ಹೋಗಿ ಮಾಲೆಯ ತುದಿಗೆ ಕೈ ಚಾಚಿತು.

ಸೊಸೆ ಓಡಿ ಹೋಗಿ ಕೂಸನ್ನು ಎತ್ತಿಕೊಂಡಳು. "ಎಲ್ಲರೂ ಈ ಕಡೆ ಬನ್ನಿ. ರೀ, ಅದನ್ನು ತೆರೆದು ತೋರಿಸಿ."

"ಖಾಲಿ ಇದೆ ಕಣೇ. ತೋಟಾ ನಾನೇ ತೆಗೆದಿದ್ದೇನೆ," ಎಂದ ರೈತ.

ಅತ್ತೆ ಗದರಿದಳು: "ಪೂಜೆಗೆ ಕೂತ ದೇವರ ಮೇಲೂ ಅನುಮಾನವೇನೇ ನಿನಗೆ?"

"ದೇವರ ಮೇಲಲ್ಲ ಅತ್ತೆ, ನಿಮ್ಮ ಮಗನ ಮರೆವಿನ ಮೇಲೆ. ಹೆಗಲ ಮೇಲಿದ್ದ ಟವೆಲಿಗೆ ಮೊನ್ನೆ ಮನೆಯೆಲ್ಲ ಜಾಲಾಡಿಸಿದವರು ಇವರೇ ತಾನೇ?"

ರೈತ ಮುಖ ಸಿಂಡರಿಸಿಕೊಂಡು ನಳಿಗೆಯನ್ನು ಹಿತ್ತಲಿನ ಮಣ್ಣುಗುಡ್ಡೆಯ ಕಡೆ ತಿರುಗಿಸಿ, ದಾರ ಬಿಚ್ಚಿ, ಕೋವಿ ತೆರೆದ. ಖಾಲಿ. ಮನೆ ತುಂಬ ನಗು. ಸುದ್ದಿ ಊರಿಗೂ ಹೋಯಿತು. ನೀರಿಗೆ ಹೋದರೆ ಹೆಂಗಸರು ಕೊಡದ ಬಾಯಿ ತೋರಿಸಿ, "ನಮ್ಮದೂ ಖಾಲಿ, ನೋಡಿಕೊಳ್ಳಮ್ಮ," ಎಂದು ಕಿಚಾಯಿಸಿದರು.

"ಕೊಡ ಸಿಡಿಯುವುದಿಲ್ಲ ಕಣ್ರಮ್ಮ," ಎಂದು ಆಕೆ ನೀರು ಹಿಡಿದಳು.

ಕೋವಿ ಮನೆಗೆ ಬರುವಾಗಲೆಲ್ಲ ಆಕೆ ಹೊಸ್ತಿಲಲ್ಲಿ ಅಡ್ಡ ನಿಂತಳು. ಪ್ರತಿ ಸಲವೂ ಖಾಲಿ. ಹೆಂಡತಿಯ ಮುಂದೆ ಸೋಲಬಾರದೆಂಬ ಹಟಕ್ಕೆ ರೈತ ಹೊಲದ ಬದುವಿನಲ್ಲೇ ತೆರೆದು ನೋಡಿಕೊಂಡು ಬರುವುದನ್ನು ರೂಢಿ ಮಾಡಿಕೊಂಡ. ಅದು ಆಕೆಗೂ ಗೊತ್ತಾಯಿತು. ಆದರೂ ಅಡ್ಡ ನಿಲ್ಲುವುದನ್ನು ಬಿಡಲಿಲ್ಲ.

ಕೂಸು ಓಡಾಡುವಷ್ಟು ದೊಡ್ಡದಾದ ಮೇಲೆ, ಒಂದು ಸಂಜೆ ಆಕೆ ಕೇಳುವ ಮೊದಲೇ ರೈತ ಅಂಗಳದಲ್ಲಿ ನಿಂತು ಕೋವಿಯನ್ನು ತೆರೆದು ತೋರಿಸಿದ. ಖಾಲಿ. ಆದರೆ ಅವನು ನಗಲಿಲ್ಲ. ಇನ್ನೊಂದು ಕೈಯ ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಬೆವರಿಗೆ ಒದ್ದೆಯಾದ ತೋಟಾ ಇತ್ತು.

"ತೆಗೆದಿದ್ದೇನೆ ಎಂದೇ ತಿಳಿದಿದ್ದೆ," ಎಂದ. "ಬದುವಿನಲ್ಲಿ ತೆರೆದಾಗ ಇದು ಒಳಗಿತ್ತು."

ಅಷ್ಟರಲ್ಲಿ ಮಗ ಒಳಗಿಂದ ಓಡಿ ಬಂದು ಅಪ್ಪನ ಕಾಲು ತಬ್ಬಿಕೊಂಡ. ಆಕೆ ತೋಟಾವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಮರುದಿನ ಸಂಜೆ ಮತ್ತೆ ಹೊಸ್ತಿಲಲ್ಲಿ ನಿಂತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತನ್ನ ಕೋವಿಯನ್ನು ಒಮ್ಮೆ ನೋಡಿ ಮೆಲ್ಲಗೆ ಕೇಳಿದ: "ಆಮೇಲಾದರೂ ಊರವರು ಆಕೆಯನ್ನು ನೋಡಿ ನಗುವುದನ್ನು ಬಿಟ್ಟರೇ?"

"ಬಿಡಲಿಲ್ಲಪ್ಪ, ಈಗ ಅವರ ಜೊತೆ ಸೇರಿ ಆಕೆಯ ಮಗನೂ ನಗುತ್ತಾನೆ."