ಮೊದಲ ಪುಟದಲ್ಲಿ ಏನಿರಬೇಕು

ಕಾಡಿನ ವಿಶ್ವವಿದ್ಯಾಲಯದ ಕಚೇರಿಗೆ ವೆಬ್‌ಸೈಟ್ ಕಟ್ಟಿಕೊಡಲು ಗೀಜಗ ಹಕ್ಕಿ ಬಂದಿತು. ಮೊದಲ ಪುಟದಲ್ಲಿ ಏನಿರಬೇಕೆಂದು ಕುಲಸಚಿವ ಆನೆಯನ್ನು ಕೇಳಿತು.

"ನನ್ನ ಫೋಟೊ ಇರಲಿ. ಉಳಿದದ್ದೆಲ್ಲ ಹನ್ನೊಂದು ವಿಭಾಗಗಳೊಳಗೆ ಹೋಗಲಿ. ಬೇಕಾದವರು ಹುಡುಕಿಕೊಳ್ಳುತ್ತಾರೆ" ಎಂದಿತು ಆನೆ.

ಗೀಜಗ ಗೇಟು ಕಾಯುವ ನಾಯಿಯನ್ನೂ ವಿಚಾರಿಸಿತು. "ಬಂದವರು ನಿಮ್ಮನ್ನು ಏನು ಕೇಳುತ್ತಾರೆ?"

"ಅಂಕಪಟ್ಟಿ ಎಲ್ಲಿ ಕೊಡುತ್ತಾರೆ ಅಂತ. ಒಂಬತ್ತು ವರ್ಷದಿಂದ ಇದೊಂದೇ ಪ್ರಶ್ನೆ. ಕಚೇರಿಯವರು ಯಾರೂ ನನ್ನನ್ನು ವಿಚಾರಿಸಿರಲಿಲ್ಲ."

ಗೀಜಗ ಮೊದಲ ಪುಟದಲ್ಲಿ ಅಂಕಪಟ್ಟಿಗೆ ದಾರಿ ಮಾಡಿತು. ಫೋಟೊವನ್ನು ಒಂದು ವಿಭಾಗದೊಳಗೆ ಇಟ್ಟಿತು.

ಆನೆಗೆ ಸಿಟ್ಟು ಬಂತು. ಮಧ್ಯಾಹ್ನದವರೆಗೆ ಒಂದೊಂದೇ ವಿಭಾಗ ತೆರೆದು ಹುಡುಕಿ ಸೋತಿತು. ಕೊನೆಗೆ ಗೇಟಿಗೆ ನಡೆದು ಬಂದು ನಾಯಿಯನ್ನು ಕೇಳಿತು: "ಸ್ವಲ್ಪ ಹೇಳಪ್ಪಾ, ನನ್ನ ಫೋಟೊ ಯಾವ ವಿಭಾಗದಲ್ಲಿದೆ?"