ಬೇವಿನ ಕೆಳಗೆ ಕೂತ ಫಕೀರವ್ವ

ಬಹಳ ಹಿಂದೆ, ನಮ್ಮ ಕಡೆ ಇನ್ನೂ ಡಾಂಬರು ರಸ್ತೆ ಬಂದಿರದ ಕಾಲಕ್ಕೆ, ತೆಗ್ಗಿನಹಾಳ ಅಂತ ಒಂದೂರು. ಆ ಊರಲ್ಲಿ ಫಕೀರವ್ವ ಅಂತ ಒಬ್ಬ ಸೂಲಗಿತ್ತಿ ಇದ್ದಳು. ನಾನು ಕಂಡು ಹೇಳುತ್ತಿಲ್ಲ, ಕೇಳಿ ಹೇಳುತ್ತಿದ್ದೇನೆ. ನನಗೆ ಹೇಳಿದವರೆಲ್ಲ ಖರೆ ಹೇಳಿದರೋ ಇಲ್ಲವೋ, ಆ ಅನುಮಾನ ನನಗೂ ಇದೆ.

ಸುತ್ತ ಏಳು ಹಳ್ಳಿಯಲ್ಲಿ ಆಕೆಯ ಕೈಯಲ್ಲಿ ಹುಟ್ಟದವರು ಕಡಿಮೆ ಅಂತಾರೆ. ತಾನು ಹೆರಿಗೆ ಮಾಡಿಸಿದ ಕೂಸನ್ನು ನಲವತ್ತು ವರ್ಷ ಬಿಟ್ಟು ಕಂಡರೂ ಗುರುತು ಹಿಡಿಯುತ್ತಿದ್ದಳಂತೆ. ಗೋಡೆಯಾಚೆ ಯಾರಾದರೂ ಕೆಮ್ಮಿದರೆ ಸಾಕು, ಇಂಥವರ ಮಗ ಅನ್ನುತ್ತಿದ್ದಳಂತೆ.

ಆಗ ಲೋಕಸಭೆಗೆ ನಮ್ಮ ಕ್ಷೇತ್ರದಿಂದ ಒಬ್ಬನನ್ನು ಆರಿಸಿ ಕಳಿಸಬೇಕು ಅಂತ ಮೊದಲ ಸಲ ಚುನಾವಣೆ ಬಂತು. ಮತದಾರರ ಪಟ್ಟಿ ಬರೆಯಲು ತಾಲೂಕಿನಿಂದ ಒಬ್ಬ ಮಾಸ್ತರ ಬಂದು ಚಾವಡಿಯಲ್ಲಿ ಕೂತ. ಗಂಡಸರು ತಮ್ಮ ಹೆಸರು ಹೇಳಿದರು. ಹೆಂಗಸರ ಹೆಸರು ಕೇಳಿದರೆ ನನ್ನ ಹೆಂಡತಿ ಅಂತ ಬರೀರಿ, ಬಸಲಿಂಗನ ತಾಯಿ ಅಂತ ಬರೀರಿ ಅಂದರು. ಹಾಗೆ ಬರೆದರೆ ಮೇಲಿನವರು ಹೊಡೆದುಹಾಕುತ್ತಾರೆ ಅಂತ ಮಾಸ್ತರ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಸರಕಾರಕ್ಕೆ ನಮ್ಮ ಹೆಂಗಸರ ಹೆಸರು ಯಾಕೆ ಬೇಕು? ತಲೆಗಂದಾಯ ಹಾಕಲಿಕ್ಕೆ ಅಂತ ಒಬ್ಬ, ಗಿರಣಿ ಕೆಲಸಕ್ಕೆ ಎಳೆದೊಯ್ಯಲಿಕ್ಕೆ ಅಂತ ಇನ್ನೊಬ್ಬ.

ಮಾಸ್ತರ ಸೋತು ಫಕೀರವ್ವನ ಹತ್ತಿರ ಹೋದ. ನಿನಗೆ ಎಲ್ಲರ ಹೆಸರೂ ಗೊತ್ತಲ್ಲ, ನೀನೇ ಹೇಳಿಬಿಡು ಅಂದ.

"ಗೊತ್ತದ ರೀ. ಆದ್ರ ಅವು ನನ್ನ ಹೆಸರಲ್ಲ," ಅಂದಳಂತೆ ಆಕೆ.

ತಾನೇ ಮನೆಮನೆಗೆ ಹೋದಳು. ಬೇಕಾದವರು ಬಂದು ನಿಮ್ಮ ಹೆಸರು ನೀವೇ ಹೇಳಿ ಅಂದಳು. ಎರಡು ದಿನ ಯಾರೂ ಬರಲಿಲ್ಲ. ಮೂರನೆಯ ದಿನ ಒಬ್ಬೊಬ್ಬರೇ ಬಂದರು. ಮದುವೆಯಾದಾಗ ಅತ್ತೆಮನೆಯವರು ಬೇರೆ ಹೆಸರಿಟ್ಟು, ಹುಟ್ಟಿದ ಹೆಸರನ್ನೇ ಮರೆತವರಿದ್ದರು. ಅಂಥವರ ಕಿವಿಯಲ್ಲಿ ಫಕೀರವ್ವ ಆ ಹೆಸರು ಹೇಳಿದಳು. ಮೊಮ್ಮಕ್ಕಳನ್ನು ಕಂಡ ಒಬ್ಬಾಕೆ ತನ್ನ ಹೆಸರು ಕೇಳಿ ಚಾವಡಿಯ ಮೆಟ್ಟಿಲ ಮೇಲೆ ಕೂತು ಅತ್ತಳು ಅಂತಾರೆ.

ಓಟಿನ ದಿನ ಬಂತು. ಆಗ ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತಿನ ಚಿತ್ರ. ನಮ್ಮಲ್ಲಿ ಇಬ್ಬರದೇ ಜೋರು, ಒಬ್ಬನದು ಒಂಟೆ, ಇನ್ನೊಬ್ಬನದು ಏಣಿ. ಹೊಲದ ಕೆಲಸ ಮುಗಿಸಿ ಮಧ್ಯಾಹ್ನ ಹೆಂಗಸರು ಶಾಲೆಗೆ ಹೋದರೆ, ಮೂವತ್ತೆಂಟು ಜನರಿಗೆ ಅಧಿಕಾರಿ, ನಿಮ್ಮ ಓಟು ಆಗಲೇ ಬಿದ್ದಿದೆ ಅಂದ. ಅವರು ಮಸಿ ಹತ್ತದ ಬೆರಳು ತೋರಿಸಿದರು. ಅಧಿಕಾರಿ ಪಟ್ಟಿ ತೋರಿಸಿದ. ಬೆಳಿಗ್ಗೆ ನಾಲ್ಕು ಚಕ್ಕಡಿ ತುಂಬ ಸೆರಗು ಮುಚ್ಚಿದ ಹೆಂಗಸರು ಬಂದು, ಇದೇ ಹೆಸರು ಹೇಳಿ ಓಟು ಹಾಕಿ ಹೋಗಿದ್ದರು. ಆ ಸಲ ಇಡೀ ಕ್ಷೇತ್ರದಲ್ಲಿ ಒಂಟೆ ಗೆದ್ದದ್ದು ಬರೀ ಮೂವತ್ತು ಓಟಿನಿಂದ ಅಂತಾರೆ. ಅಷ್ಟು ಕಡಿಮೆ ಇರಲಿಕ್ಕಿಲ್ಲ, ಆದರೆ ಊರಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ.

ಹೆಸರು ಹೊರಗೆ ಹೋದದ್ದು ಹೇಗೆ? ಎಲ್ಲರ ಕಣ್ಣೂ ಫಕೀರವ್ವನ ಮೇಲೆ ಬಿತ್ತು. ಅದೇ ತಿಂಗಳು ಆಕೆ ಹೊಸ ಸೀರೆ ಉಟ್ಟಿದ್ದಳು. ಬಾಣಂತಿಯ ಮನೆಯವರು ಕೊಟ್ಟದ್ದು ಅಂದಳು. ಒಂಟೆಯವರು ಕೊಟ್ಟದ್ದು ಅಂದಿತು ಊರು. ಬಾಯಿ ಬಿಟ್ಟು ಯಾರೂ ಬೈಯಲಿಲ್ಲ. ಆದರೆ ಹೆರಿಗೆಗೆ ಕರೆಯುವುದು ಬಿಟ್ಟರು, ಬೇರೆ ಊರಿನ ಸೂಲಗಿತ್ತಿಯನ್ನು ಕರೆಸಿದರು. ಆಕೆ ಬಾವಿಗೆ ಬಂದರೆ ಮಾತು ನಿಲ್ಲುತ್ತಿತ್ತಂತೆ. ಐದು ವರ್ಷ ಆಕೆ ಕೂಲಿಗೆ ಹೋಗಿ ಹೊಟ್ಟೆ ಹೊರೆದಳು.

ಐದು ವರ್ಷಕ್ಕೆ ಮತ್ತೆ ಚುನಾವಣೆ ಬಂತು. ಓಟಿನ ದಿನ ಹೊತ್ತು ಹುಟ್ಟುತ್ತಲೇ ಫಕೀರವ್ವ ಶಾಲೆಯ ಎದುರಿನ ಬೇವಿನ ಮರದ ಕೆಳಗೆ ಬಂದು ಕೂತಳು. ಒಂಟೆಯವರು, ನಮ್ಮ ಏಜೆಂಟ್ ಆಗು, ಒಳಗೆ ಕುರ್ಚಿ ಕೊಡುತ್ತೇವೆ ಅಂದರು. ಏಣಿಯವರೂ ಅದನ್ನೇ ಅಂದರು. ಇಬ್ಬರಿಗೂ ಆಕೆ ಒಲ್ಲೆ ಅಂದಳು.

ಮೊದಲ ಚಕ್ಕಡಿ ಬಂತು. ಸೆರಗು ಮುಚ್ಚಿದ ಒಬ್ಬಳು ಇಳಿದಳು. ಫಕೀರವ್ವ ಹೆಸರು ಕೇಳಿದಳು. ಗಂಗವ್ವ, ಅಂದಳು ಆಕೆ.

"ನಮ್ಮ ಗಂಗವ್ವ ಕಾಲು ಮುಂದಾಗಿ ಹುಟ್ಟಿದಾಕಿ. ಎಡಗಾಲು ಎಳೆದು ನಡೀತಾಳ. ನೀ ಯಾರವ್ವಾ?"

ಆ ಹೆಂಗಸು ತಿರುಗಿ ಚಕ್ಕಡಿ ಹತ್ತಿದಳು. ಹೀಗೆ ಒಬ್ಬೊಬ್ಬರನ್ನೂ ಕೇಳಿದಳಂತೆ. ನಡಿಗೆಯಿಂದ ಹಿಡಿದಳು, ದನಿಯಿಂದ ಹಿಡಿದಳು, ಹಿಮ್ಮಡಿ ನೋಡಿ ಹಿಡಿದಳು ಅಂತಾರೆ. ಮಧ್ಯಾಹ್ನದೊಳಗೆ ಮೂರು ಚಕ್ಕಡಿ ಬಂದ ದಾರಿಗೇ ಹೋದವು.

ನಾಲ್ಕನೆಯ ಚಕ್ಕಡಿಯಿಂದ ಇಳಿದ ಹುಡುಗಿ ಬೇರೆಯವಳ ಹೆಸರು ಹೇಳಿದಳು, ಆದರೆ ಆ ದನಿ ಫಕೀರವ್ವನಿಗೆ ಗುರುತಿದ್ದದ್ದು. ಫಕೀರವ್ವ ಹತ್ತಿರ ಕರೆದು, ಬೇರೆಯವರಿಗೆ ಕಾಣದ ಹಾಗೆ ಸೆರಗು ಸರಿಸಿ ನೋಡಿದಳು. ಇದೇ ಊರಲ್ಲಿ, ಇದೇ ಕೈಯಲ್ಲಿ ಹುಟ್ಟಿ, ಒಂಟೆಯ ಅಭ್ಯರ್ಥಿಯ ಊರಿಗೆ ಸೊಸೆಯಾಗಿ ಹೋದವಳು. "ಅವ್ವಾ, ಓಟು ಹಾಕದ ಹೋದ್ರ ಮನಿಯೊಳಗ ಕರ್ಕೊಳ್ಳೂದಿಲ್ಲ ಅಂದಾರ," ಅಂದಳು. ಹೆಸರಿನ ಪಟ್ಟಿ ಅವರಿಗೆ ಕೊಟ್ಟವರು ಯಾರು ಅಂತ ಫಕೀರವ್ವ ಕೇಳಿದಳು. ಹುಡುಗಿ ಕಿವಿಯಲ್ಲಿ ಹೇಳಿದಳು.

ಫಕೀರವ್ವ ಆಕೆಯ ಸೆರಗನ್ನು ಮತ್ತೆ ಮುಖದ ಮೇಲೆ ಎಳೆದಳು. ಚಕ್ಕಡಿ ಹೊಡೆಯುವವನಿಗೆ, "ಈಕಿ ಬಸುರಿ ಅದಾಳ, ತಲಿ ತಿರುಗಿ ಬಿದ್ದಾಳ. ಬಿಸಲು ಇಳಿಯೂತನ ನನ್ನ ಹತ್ರ ಇರ್ಲಿ," ಅಂದಳು. ಸಂಜೆ ಅದೇ ಮಾತು ಹೇಳಿ ಕಳಿಸಿಕೊಟ್ಟಳು. ಗಂಡನ ಮನೆಯವರಿಗೆ ಆ ಹುಡುಗಿಯನ್ನು ಏನೂ ಅನ್ನಲಾಗಲಿಲ್ಲ.

ಹುಡುಗಿ ಕಿವಿಯಲ್ಲಿ ಏನೋ ಹೇಳಿದ್ದನ್ನು ಕಂಡಿದ್ದ ಗೌಡ ಮತ್ತು ಊರ ಹಿರಿಯರು, ಆಕೆ ಹೋದ ಮೇಲೆ ಬಂದು ನಿಂತರು. ಹೆಸರಿನ ಪಟ್ಟಿ ಯಾರು ಕೊಟ್ಟದ್ದು ಅಂತ ಗೊತ್ತಾಯಿತೇ ಅಂತ ಗೌಡ ಕೇಳಿದ.

"ಗೊತ್ತಾತು."

"ಯಾರು?"

"ಕೊಟ್ಟವರಿಗೂ ಗೊತ್ತದ."

"ಹೇಳಿದ್ರ ನಿನ್ನ ಮ್ಯಾಲಿನ ಮಾತು ಹೋಗ್ತದಲ್ಲ, ಫಕೀರವ್ವ."

"ನನ್ನ ಮ್ಯಾಲಿನ ಮಾತು ಹೋಗ್ತದ. ಹೇಳಿದಾಕಿ ಎಲ್ಲಿಗೆ ಹೋಗಬೇಕು?"

ಅಷ್ಟೇ. ಆ ಸಲ ಒಂಟೆ ಸೋತಿತು. ಏಣಿಯವರು ಹಾರ ತಂದರೆ ಆಕೆ ಬಾಗಿಲು ತೆಗೆಯಲಿಲ್ಲ. ಒಂಟೆಯವರು ಏಣಿಯ ಕಡೆಯವಳು ಅಂದರು. ಹೆಂಗಸರು ಮತ್ತೆ ಹೆರಿಗೆಗೆ ಕರೆಯತೊಡಗಿದರು. ಆದರೆ ಅಂದಿನಿಂದ ತೆಗ್ಗಿನಹಾಳದಲ್ಲಿ ಒಬ್ಬರ ಮೇಲೆ ಒಬ್ಬರಿಗೆ ಅನುಮಾನ ಶುರುವಾಯಿತು. ಊರಲ್ಲಿ ಬರೆಯಲು ಬರುತ್ತಿದ್ದವರು ಐದೇ ಜನ. ಐದೂ ಮನೆಯವರು ಒಬ್ಬರನ್ನೊಬ್ಬರು ನೋಡಿದರು. ಫಕೀರವ್ವ ಯಾರ ಹೆಸರನ್ನೂ ಹೇಳದೆ ಸತ್ತಳು.

ಆ ಹುಡುಗಿ ನೀಲವ್ವ, ನಮ್ಮ ಅಪ್ಪನ ತಂಗಿ. ಕೊನೆಗಾಲದಲ್ಲಿ ನನ್ನನ್ನು ಕರೆದು ಇದನ್ನೆಲ್ಲ ಹೇಳಿದಳು. ಬೀಗರು ಒತ್ತಾಯ ಮಾಡಿದ್ದಕ್ಕೆ ಪಟ್ಟಿಯನ್ನು ನಕಲು ಮಾಡಿ ಕೊಟ್ಟದ್ದು ನಮ್ಮಪ್ಪ ಅಂದಳು. ಅವಳ ಅಪ್ಪ ಅಂದರೆ ನನ್ನ ಅಜ್ಜ. ಮುದಿತನದ ಮರೆವಿನಲ್ಲಿ ಹೇಳಿದಳೋ ಏನೋ ಅಂತ ಎಷ್ಟೋ ವರ್ಷ ಅಂದುಕೊಂಡೆ. ಈಗ ಹಾಗೆ ಅಂದುಕೊಳ್ಳುವುದು ಬಿಟ್ಟಿದ್ದೇನೆ.

ಇಂದಿಗೂ ಓಟಿನ ದಿನ ತೆಗ್ಗಿನಹಾಳದ ಹೆಂಗಸರು ಶಾಲೆಯ ಬಾಗಿಲಲ್ಲಿ ತಲೆಯ ಮೇಲಿನ ಸೆರಗು ತೆಗೆದು, ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಿ ಒಳಗೆ ಹೋಗುತ್ತಾರೆ. ಕಾರ್ಡು ತೋರಿಸಿದರೆ ಸಾಕು ಅಂತ ಅಧಿಕಾರಿಗಳು ಅನ್ನುತ್ತಾರೆ, ಇವರು ಕೇಳುವುದಿಲ್ಲ. ಹೊರಗೆ ಬೇವಿನ ಕೆಳಗೆ ಊರಿನ ಒಬ್ಬ ಹಿರಿಯಳು ಸಂಜೆಯ ತನಕ ಕೂತಿರುತ್ತಾಳೆ. ಹೋದ ಸಲ ಕೂತವಳಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಹಾದುಹೋಗುವಾಗ, "ಯಾರ ಮನಿಯವನಪ್ಪಾ?" ಅಂದಳು. ಅಜ್ಜನ ಹೆಸರು ಹೇಳಿದೆ. "ಆ ಐದು ಮನಿಯೊಳಗಿನವ," ಅಂತ ಆಕೆ ಕೈ ಚಾಚಿ ನನ್ನ ಮುಖ ತಡವಿದಳು. ಆಮೇಲೆ, ಹೋಗು, ಅಂದಳು.