ತಹಶೀಲ್ದಾರರ ಕಾರು ಸೋರುವುದಿಲ್ಲ

ನಿವೃತ್ತ ತಹಶೀಲ್ದಾರ್ ಹಂಪಿಹೊಳಿಯವರು ತಮ್ಮ ಹಳೆಯ ಕಾರನ್ನು ಒಬ್ಬ ಮೇಷ್ಟರಿಗೆ ಮಾರಲು ಹೊರಟಿದ್ದರು. ಮೆಕ್ಯಾನಿಕ್ ದಾವಲಸಾಬ ನೋಡಿ ಒಪ್ಪಿದರೆ ಮಾತ್ರ ಕೊಳ್ಳುತ್ತೇನೆ ಎಂದಿದ್ದರು ಮೇಷ್ಟರು.

ದಾವಲಸಾಬ ಕಾರಿನಡಿ ಬಗ್ಗಿ ನೋಡಿದ. "ಸಾಹೇಬ್ರ, ಆಯಿಲ್ ಪ್ಯಾನಿನ ಗ್ಯಾಸ್ಕೆಟ್ ಹೋಗೈತ್ರಿ. ಎಣ್ಣಿ ಸೋರಾಕತ್ತೈತಿ."

"ನನ್ನ ಕಾರು ಸೋರೂದಿಲ್ಲ. ಹಂಗಂತ ಬರದು ಸಹಿ ಹಾಕು," ಎಂದು ಸಾಹೇಬರು ಗದರಿಸಿದರು.

"ಹಾಕ್ತೀನ್ರಿ. ಎಂಜಿನ್ ಚಾಲೂ ಮಾಡಿ, ಕೆಳಗ ನಿಮ್ಮ ಶಾಲು ಹಾಸೂಣು. ಹತ್ತು ನಿಮಿಷ ಅದು ಸ್ವಚ್ಛ ಉಳದ್ರ ಸಾಕು."

ಹೆಗಲ ಮೇಲಿದ್ದದ್ದು ಸನ್ಮಾನದಲ್ಲಿ ಹೊದಿಸಿದ ಜರಿ ಶಾಲು. ಸಾಹೇಬರು ಕಾರನ್ನೊಮ್ಮೆ ನೋಡಿದರು. ಆಮೇಲೆ ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

"ಹೊಸ ಗ್ಯಾಸ್ಕೆಟ್ ಹಾಕು. ಎಷ್ಟು ಹೊತ್ತಾಗ್ತದ?"

"ಸಂಜೀತನಕ ಆಗತೈತ್ರಿ," ಎಂದ ದಾವಲಸಾಬ, ಸ್ಪ್ಯಾನರ್ ಎತ್ತಿಕೊಳ್ಳುತ್ತ. "ಸೋರಲಾರದ ಕಾರು ನೋಡ್ರಿ, ಎಲ್ಲಿ ಸೋರತೈತಿ ಅಂತ ಹುಡುಕಬೇಕಲ್ಲ."